ಕಂಪನಿ ಫಿಟ್ಟಿಂಗ್

ನಾನು ಟೈಲ್ಸ್ ಹಾಕುವವನು. ಯಾರ ಮನೆಗೆ ಹೋದರೂ ಮೊದಲು ನೋಡುವುದು ಮುಖವನ್ನಲ್ಲ, ನೆಲವನ್ನು. ಮೊದಲ ಸಲ ಹೆಂಡತಿಯ ಮನೆಗೆ ಬಂದಾಗ ನಾನು ಅವಳಮ್ಮನ ಮುಖ ನೋಡದೆ ಹೊಸ್ತಿಲ ಪಕ್ಕದ ಬಿರುಕು ನೋಡುತ್ತಾ ನಿಂತಿದ್ದೆನಂತೆ. ಇದ್ದರೂ ಇರಬಹುದು. ಬಿರುಕು ದೊಡ್ಡದೇ ಇತ್ತು.

ಅದೇ ಮನೆಯಲ್ಲಿ ಈಗ ಒಂಬತ್ತು ವರ್ಷದಿಂದ ಇದ್ದೇನೆ. ಮನೆಯಳಿಯ ಎಂದು ಯಾರಾದರೂ ಕುಟುಕಿದರೆ ನನಗೇನೂ ಬೇಸರವಿಲ್ಲ. ಮನೆ ಅವರದಿರಬಹುದು, ನೆಲವೆಲ್ಲ ನನ್ನದು. ಅಡುಗೆಮನೆ, ಬಚ್ಚಲು, ಪಡಸಾಲೆ, ಒಂದೊಂದನ್ನೂ ನನ್ನ ಕೈಯಾರೆ ಹಾಕಿದ್ದೇನೆ. ಅತ್ತೆ ಮಾತ್ರ ಒಂದು ದಿನಕ್ಕೂ ಚೆನ್ನಾಗಿದೆ ಎಂದವರಲ್ಲ. ಹೊಸ ನೆಲದ ಮೇಲೆ ಮಣ್ಣಿನ ಕಾಲಲ್ಲೇ ನಡೆದುಹೋಗಿ, "ಜಾರಲ್ಲ ತಾನೇ ಅಳಿಯಂದ್ರೇ?" ಎಂದು ಕೇಳುತ್ತಾರೆ. ಮುಗಿಯಿತು.

ಅತ್ತೆಗೆ ಮಣ್ಣೇ ಬದುಕು. ಮನೆಯ ಹಿಂದೆ ಅವರದೊಂದು ನರ್ಸರಿ ಇದೆ. ಅರವತ್ತೇಳರ ವಯಸ್ಸಿನಲ್ಲೂ ಬೆಳಿಗ್ಗೆ ಸಸಿಗಳನ್ನು ತುಂಬಿಕೊಂಡು, ಹಳೇ ಡೀಸೆಲ್ ಪಿಕಪ್ ತಾವೇ ಓಡಿಸುತ್ತಾ ಊರೆಲ್ಲ ಸುತ್ತಿ ಬರುತ್ತಾರೆ. ಇಪ್ಪತ್ತನಾಲ್ಕು ವರ್ಷದಿಂದ ಆ ಗಾಡಿಯ ಸ್ಟಿಯರಿಂಗನ್ನು ಬೇರೆಯವರು ಮುಟ್ಟಿಲ್ಲ. ನನಗೆ ಒಮ್ಮೆ ಹಾರ್ನ್ ಹೊಡೆಯಲು ಬಿಟ್ಟಿದ್ದರು, ಅದೂ ಹೊರಗಿನಿಂದ ಕೈ ಹಾಕಿ.

ನಾಲ್ಕು ತಿಂಗಳ ಹಿಂದೆ ಆ ಗಾಡಿ ನಿಲ್ಲುವ ಶೆಡ್ಡಿಗೂ ಟೈಲ್ಸ್ ಹಾಕಿದೆ. ತಿಳಿ ಬೂದು ಬಣ್ಣ, ದಾರ ಹಿಡಿದ ಹಾಗೆ ಗೆರೆಗಳು. ಮಾರನೇ ದಿನ ಬೆಳಿಗ್ಗೆ ನೋಡಿದರೆ ನಟ್ಟನಡುವಿನ ಟೈಲ್ ಮೇಲೆ ಒಂದು ತೊಟ್ಟು ಕಪ್ಪು ಎಣ್ಣೆ. ಒರೆಸಿದೆ. ಮರುದಿನ ಮತ್ತೆ ಅಲ್ಲೇ. ಒಂದು ವಾರ ಒರೆಸಿ ಒರೆಸಿ ರೋಸಿಹೋಗಿ ಗಾಡಿಯ ಕೆಳಗೆ ತೆವಳಿದೆ. ಇಂಜಿನ್ನಿನ ಪಕ್ಕದಿಂದ ಒಂದು ರಬ್ಬರ್ ಪೈಪು ಇಳಿದಿತ್ತು. ಯಾವುದಕ್ಕೂ ಸೇರಿಲ್ಲ, ಎಲ್ಲಿಗೂ ಹೋಗಿಲ್ಲ, ಸುಮ್ಮನೆ ಜೋತಾಡುತ್ತಿದೆ, ತುದಿಯಲ್ಲಿ ಒಂದು ತೊಟ್ಟು. ನನ್ನ ಕಸುಬಿನಲ್ಲಿ ಸೋರುವ ಪೈಪು ಎಂದರೆ ಮುಚ್ಚಬೇಕಾದ ಪೈಪು. ಮುಚ್ಚಿದೆ.

ಹೇಗೆ ಮುಚ್ಚಿದೆ ಎಂಬುದನ್ನು ಹೇಳಲೇಬೇಕು. ಒಳಗೆ ಮರದ ಬೆಣೆ ಬಡಿದೆ. ಅದರ ಮೇಲೆ, ಬಚ್ಚಲ ಟೈಲ್ಸಿನ ಸಂದಿಗೆ ತುಂಬುವ ಎಪಾಕ್ಸಿ ಮೆತ್ತಿದೆ. ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಗುಂಡಗೆ ಮಾಡಿ, ಪೈಪಿನ ಬಣ್ಣಕ್ಕೆ ಹೊಂದುವಂತೆ ಕಪ್ಪು ಬಳಿದೆ. ಗಾಡಿಯ ಹೊಟ್ಟೆಯ ಕೆಳಗೆ ಯಾರು ಬಗ್ಗಿ ನೋಡುತ್ತಾರೆ? ಯಾರೂ ಇಲ್ಲ. ಆದರೂ ಕೆಲಸ ಎಂದರೆ ಕೆಲಸ. ನೆಲ ಒಣಗಿತು, ನಾನು ಮರೆತೆ.

ಅಲ್ಲಿಂದ ಗಾಡಿಗೆ ಶನಿ ಹಿಡಿಯಿತು. ಮೊದಲು ಇಂಜಿನ್ನಿನ ಮೈಯೆಲ್ಲ ಎಣ್ಣೆ ಜಿನುಗಿತು. ಆಮೇಲೆ ಎಣ್ಣೆ ಅಳೆಯುವ ಕಡ್ಡಿ ದಾರಿಯಲ್ಲಿ ತಾನಾಗಿಯೇ ಮೇಲಕ್ಕೆ ಚಿಮ್ಮತೊಡಗಿತು. ಒಂದು ತೊಟ್ಟು ಬೀಳುತ್ತಿದ್ದ ನನ್ನ ನೆಲದ ಮೇಲೆ ಈಗ ನಾಲ್ಕು ಕಡೆ ಮಡು. ಪೇಟೆಯ ಮೆಕ್ಯಾನಿಕ್ ಬಂದ. ಇಂಜಿನ್ ಓಡುತ್ತಿರುವಾಗಲೇ, ಎಣ್ಣೆ ಹಾಕುವ ಬಾಯಿಯ ಮುಚ್ಚಳ ಬಿಚ್ಚಿ ಅದೇ ಬಾಯಿಯ ಮೇಲೆ ಬೋರಲಿಟ್ಟ. ಮುಚ್ಚಳ ಕಾದ ಎಣ್ಣೆಯಲ್ಲಿನ ಸಾಸಿವೆಯ ಹಾಗೆ ಕುಣಿದು ಕೆಳಗೆ ಬಿತ್ತು.

"ಪಿಸ್ಟನ್ ರಿಂಗ್ ಸವೆದು ಹೋಗಿದೆ. ಇಂಜಿನ್ ಮುಗೀತು. ಗುಜರಿಗೆ ಹಾಕಿ" ಎಂದು ಕೈ ಒರೆಸಿಕೊಂಡು ಹೋದ.

ಸುಳ್ಳೇಕೆ ಹೇಳಲಿ, ಒಳಗೊಳಗೇ ನನಗೆ ಖುಷಿಯಾಯಿತು. ಗಾಡಿ ಹೋದರೆ ನೆಲ ಉಳಿಯಿತು ಎಂದುಕೊಂಡೆ.

ಎಲ್ಲದಕ್ಕೂ ಒಂದು ಮಾತು ಆಡುವ ಅತ್ತೆ ಮೂರು ದಿನ ಗಿಡಗಳಿಗೆ ನೀರು ಹಾಕಿಕೊಂಡು ಸುಮ್ಮನಿದ್ದರು. ನಾಲ್ಕನೇ ದಿನ ಬೆಳಿಗ್ಗೆ ಹೆಂಡತಿ ನನ್ನನ್ನು ಬಚ್ಚಲ ಹತ್ತಿರಕ್ಕೆ ಎಳೆದುಕೊಂಡು ಹೋದಳು. ಅವಳ ಕಣ್ಣು ಕೆಂಪಾಗಿತ್ತು.

"ಮಧ್ಯಾಹ್ನ ಗುಜರಿಯವನು ಬರ್ತಾನಂತೆ ರೀ. ಅಮ್ಮ ಇನ್ನು ಗಾಡಿ ಓಡ್ಸಲ್ವಂತೆ, ನರ್ಸರಿನೂ ಮುಚ್ತಾರಂತೆ."

"ಬೇರೆ ಗಾಡಿ ತಗೊಂಡ್ರಾಯ್ತಪ್ಪ."

"ಗಾಡಿ ಮಾತಲ್ಲ ಅದು. ಹಾಳು ಮಾಡಿದ್ದು ನಾನೇ ಅಂತಾರೆ. ಎಣ್ಣೆ ಬದಲಾಯಿಸೋದು ಮರ್ತಿರ್ಬೇಕು, ಗೇರ್ ತಪ್ಪು ಹಾಕಿರ್ಬೇಕು, ನಂಗೆ ಮರೆವು ಶುರುವಾಗಿದೆ, ಇನ್ನು ನನ್ನ ಕೈ ನಂಬೋ ಹಾಗಿಲ್ಲ ಅಂತ ರಾತ್ರಿಯಿಂದ ಒಂದೇ ಸಮನೆ ಅಳ್ತಿದಾರೆ. ಅದಕ್ಕೇ ಮಾವಂಗೆ ಬರೋಕೆ ಹೇಳಿದೀನಿ."

ಮಾವ ಎಂದರೆ ಅತ್ತೆಯ ಅಣ್ಣ. ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಇಂಜಿನ್ ಬಿಚ್ಚಿ ಜೋಡಿಸಿ ನಿವೃತ್ತರಾದವರು. ನಾವೆಲ್ಲ ಡಿಪೋ ಮಾವ ಎನ್ನುತ್ತೇವೆ. ಎಪ್ಪತ್ತೆರಡಾದರೂ ಗಾಡಿಯ ಬಾನೆಟ್ ಎತ್ತುವಾಗ ಮುಖದಲ್ಲಿ ಮದುಮಗನ ಕಳೆ.

ಹತ್ತು ಗಂಟೆಗೆ ಬಂದರು. ಕಾಫಿ ಕೂಡ ಮುಟ್ಟದೆ ಶೆಡ್ಡಿಗೆ ನಡೆದರು. ಅತ್ತೆ ಮೂಲೆಯಲ್ಲಿ ಕೈ ಕಟ್ಟಿಕೊಂಡು ನಿಂತರು. ಮಾವ ಸುತ್ತ ನೋಡಿ, ಅತ್ತೆ ಗಿಡಗಳಿಗೆ ಔಷಧಿ ಹೊಡೆಯುವಾಗ ಹಾಕಿಕೊಳ್ಳುವ ತೆಳ್ಳನೆಯ ರಬ್ಬರ್ ಕೈಗವಸು ತೆಗೆದುಕೊಂಡರು. ಅದನ್ನು ಎಣ್ಣೆ ಹಾಕುವ ಬಾಯಿಗೆ ತೊಡಿಸಿ, ಸಸಿ ಕಟ್ಟುವ ದಾರದಿಂದ ಬಿಗಿದು, "ಸ್ಟಾರ್ಟ್ ಮಾಡು ಪುಟ್ಟಿ" ಎಂದರು. ಅರವತ್ತೇಳರ ಪುಟ್ಟಿ ಹತ್ತಿ ಕೂತು ಕೀಲಿ ತಿರುಗಿಸಿದರು.

ಇಂಜಿನ್ ಗುಡುಗುಟ್ಟಿತು. ಕೈಗವಸಿನ ಹೆಬ್ಬೆರಳು ಮೊದಲು ಎದ್ದಿತು, ಆಮೇಲೆ ಕಿರುಬೆರಳು, ಕೊನೆಗೆ ಐದೂ ಬೆರಳು ಉಬ್ಬಿಕೊಂಡು, ತರಗತಿಯಲ್ಲಿ ಹಾಜರಿ ಹೇಳುವವರ ಹಾಗೆ ಬಾನೆಟ್ಟಿನ ಕೆಳಗಿನಿಂದ ಒಂದು ಕೈ ಎದ್ದು ನಿಂತಿತು. ಅಷ್ಟು ಅಳುವಿನ ನಡುವೆಯೂ ನನ್ನ ಹೆಂಡತಿ ಕಿಸಕ್ಕನೆ ನಕ್ಕಳು.

"ಆಫ್ ಮಾಡು" ಎಂದರು ಮಾವ. "ನೋಡಿ ಅಳಿಯಂದ್ರೇ, ಯಾವ ಇಂಜಿನ್ ಆದ್ರೂ ಒಳಗೆ ಸುಟ್ಟ ಗಾಳಿ ಒಂಚೂರು ಪಿಸ್ಟನ್ ಪಕ್ಕದಿಂದ ನುಸುಳಿ ಹೊಟ್ಟೆಗೆ ಇಳೀತದೆ. ಹೊಸದಕ್ಕೆ ಕಮ್ಮಿ, ಹಳೇದಕ್ಕೆ ಜಾಸ್ತಿ. ಆ ಗಾಳಿ ಹೊರಗೆ ಹೋಗೋಕೆ ಅಂತಾನೇ ಒಂದು ಪೈಪ್ ಇರ್ತದೆ, ಉಸಿರಾಡೋ ಪೈಪು. ಅದು ಕಟ್ಟಿಕೊಂಡ್ರೆ ಗಾಳಿ ಎಲ್ಲಿಗೆ ಹೋಗ್ಬೇಕು? ಕಡ್ಡಿ ಹಾರಿಸ್ತದೆ, ಸಂದುಸಂದಲ್ಲಿ ಎಣ್ಣೆ ಕಕ್ಕಿಸ್ತದೆ. ಪೈಪ್ ಚೆನ್ನಾಗಿದ್ದೂ ಹಿಂಗಾದ್ರೆ ಮಾತ್ರ ರಿಂಗ್ ಹೋಗಿದೆ ಅಂತ ಲೆಕ್ಕ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಕೈ ತಾನಾಗಿಯೇ ಜೇಬಿಗೆ ಹೋಯಿತು, ಅಲ್ಲಿನ್ನೂ ಎಪಾಕ್ಸಿ ಟ್ಯೂಬು ಇದೆಯೇನೋ ಎಂಬಂತೆ. ಮಾವ ಆಗಲೇ ಗೋಣಿಚೀಲ ಹಾಸಿ, ಕೋಲಿಗೆ ಕಟ್ಟಿದ ಪುಟ್ಟ ಕನ್ನಡಿ ಹಿಡಿದು ಗಾಡಿಯ ಕೆಳಗೆ ಜಾರಿದ್ದರು. ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಈಗ ಸಿಕ್ಕಿಬಿದ್ದೆ, ಈಗ ಸಿಕ್ಕಿಬಿದ್ದೆ ಎಂದು ಎಣಿಸುತ್ತಾ ನಿಂತೆ.

"ಪೈಪ್ ಸಿಕ್ತು" ಎಂದಿತು ಕೆಳಗಿನ ದನಿ. "ಅರೆ, ತುದಿ ಮುಚ್ಚಿದೆಯಲ್ಲ... ಓ, ಇಲ್ಲ ಇಲ್ಲ. ಇದು ಕಂಪನಿ ಫಿಟ್ಟಿಂಗ್."

"ಅಂದ್ರೆ?" ಎಂದಳು ಹೆಂಡತಿ.

"ಕಂಪನಿಯವ್ರೇ ಮುಚ್ಚಿ ಕಳಿಸಿದ್ದಾರೆ. ಗಾಳಿನ ಬೇರೆಲ್ಲೋ ತಿರುಗಿಸಿರ್ಬೇಕು. ಈ ಥರದ ಗಾಡಿ ನಾನು ಬಿಚ್ಚಿಲ್ಲ, ನಮ್ಮ ಬಸ್ಸಲ್ಲಿ ಇದು ತೆರೆದೇ ಇರ್ತಿತ್ತು." ಮಾವ ಮೆಲ್ಲಗೆ ಹೊರಗೆ ಬಂದು ಕೂತರು. ಮುಖ ಸಣ್ಣಗಾಗಿತ್ತು. "ಹಂಗಾದ್ರೆ ಮೆಕ್ಯಾನಿಕ್ ಹೇಳಿದ್ದೇ ಸರಿ ಪುಟ್ಟಿ. ರಿಂಗೇ."

ನಾನು ಬಚಾವಾದೆ. ಬಾಯಿ ಮುಚ್ಚಿಕೊಂಡು ಎರಡು ಗಂಟೆ ನಿಂತಿದ್ದರೆ ಸಾಕಿತ್ತು. ಗಾಡಿ ಗುಜರಿಗೆ, ಬೆಣೆ ಗಾಡಿಯ ಜೊತೆಗೆ, ಈ ಜನ್ಮದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅತ್ತೆ ಕೀಲಿಯನ್ನು ಏಪ್ರನ್ನಿನ ಅಂಚಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿ ಅಣ್ಣನ ಕೈಗಿಟ್ಟರು. "ಒಳ್ಳೇದೇ ಆಯ್ತು ಬಿಡಣ್ಣ. ನನ್ನ ಮರೆವಿಂದ ಗಾಡಿ ಹಾಳಾಯ್ತು, ಅಷ್ಟಕ್ಕೇ ಹೋಯ್ತು. ನಾಳೆ ದಾರೀಲಿ ಯಾರಿಗಾದ್ರೂ ಏನಾದ್ರೂ ಆಗಿದ್ರೆ?"

ಮಾವ ನನ್ನತ್ತ ತಿರುಗಿ ಬೇರೆ ಮಾತು ತೆಗೆದರು. "ಆದ್ರೂ ಆ ಪೈಪಿನ ತುದಿ ನೋಡ್ಬೇಕು ಅಳಿಯಂದ್ರೇ. ಇಪ್ಪತ್ನಾಲ್ಕು ವರ್ಷ ಆದ್ರೂ ಒಂದು ಬಿರುಕಿಲ್ಲ, ಬೆರಳಾಡಿಸಿದ್ರೆ ಗಾಜು. ಈಗಿನವ್ರಿಗೆಲ್ಲಿ ಬರ್ಬೇಕು ಅಂಥ ಕೈಕೆಲಸ!"

ಅತ್ತೆಯ ಮಾತಿಗೆ ಕರುಳು ಚುರುಕ್ಕೆಂದಿತೋ, ನನ್ನ ಕೆಲಸದ ಹೆಸರು ಕಂಪನಿಗೆ ಹೋಯಿತೆಂದು ಹೊಟ್ಟೆ ಉರಿಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎರಡೂ ಒಟ್ಟಿಗೇ ಬಾಯಿಗೆ ಬಂದವು.

"ಅದು ಕಂಪನಿದಲ್ಲ ಮಾವ! ನಂದು! ನಾನೇ ಮಾಡಿದ್ದು!"

ಬೆಣೆ, ಎಪಾಕ್ಸಿ, ಉಪ್ಪುಕಾಗದ, ಕಪ್ಪು ಬಣ್ಣ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಹೆಂಡತಿ ಹಣೆ ಚಚ್ಚಿಕೊಂಡು "ರೀ!" ಎಂದಳು.

"ನೆಗಡಿ ಬಂತು ಅಂತ ಮೂಗು ಕೊಯ್ಕೊಂಡೋರ ಕತೆ ಕೇಳಿದ್ದೆ" ಎಂದರು ಮಾವ. "ಮೂಗಿಗೆ ಗಾರೆ ಮೆತ್ತಿ ಪಾಲಿಶ್ ಮಾಡಿದೋರನ್ನ ಇವತ್ತೇ ನೋಡಿದ್ದು."

ಅತ್ತೆ ನನ್ನ ಹತ್ತಿರ ಬಂದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

"ಯಾವಾಗ ಮುಚ್ಚಿದ್ದು?"

"ಇಲ್ಲಿ ಟೈಲ್ಸ್ ಹಾಕಿದ ಮಾರನೇ ವಾರ, ಅತ್ತೆ."

"ಕಡ್ಡಿ ಹಾರೋಕೆ ಶುರುವಾಗಿದ್ದು ಅದಾದ್ಮೇಲೆ."

"ಹೌದು."

"ಹಂಗಾದ್ರೆ ನಾನು ಎಣ್ಣೆ ಬದಲಾಯಿಸೋದು ಮರ್ತಿಲ್ಲ."

"ಇಲ್ಲ ಅತ್ತೆ."

"ಗೇರೂ ತಪ್ಪು ಹಾಕಿಲ್ಲ."

"ಇಲ್ಲ. ನಿಮ್ಮದೇನೂ ಇಲ್ಲ. ಎಲ್ಲಾ ನನ್ನ ಕರ್ಮ."

ಅತ್ತೆ ಬೋರಲು ಬಿದ್ದಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತರು. ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನೋಡಿದರೆ ನಗು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, "ನನ್ನ ತಲೆ ಸರಿ ಇದೆ, ಅಣ್ಣ! ನನ್ನ ಕೈಯೂ ಸರಿ ಇದೆ! ಕೆಟ್ಟಿರೋದು ಅಳಿಯಂದು!" ಎಂದು ನಕ್ಕರು. ಹೆಂಡತಿ ನಕ್ಕಳು, ಮಾವ ನಕ್ಕರು, ಮರ್ಯಾದೆ ಇಲ್ಲದೆ ನಾನೂ ನಕ್ಕೆ. ಅಷ್ಟು ಹಗುರವಾಗಿ ನಕ್ಕು ಎಷ್ಟು ಕಾಲವಾಗಿತ್ತೋ.

ಬೆಣೆ ಮಾತ್ರ ಬರಲೊಲ್ಲದು. ಮಾವ ಇಕ್ಕಳ ಹಾಕಿದರು, ಉಳಿ ಹಾಕಿದರು, ನನ್ನನ್ನು ಬೈದರು. ಅರ್ಧ ಗಂಟೆಯಾದರೂ ಅದು ಜಪ್ಪಯ್ಯ ಎನ್ನಲಿಲ್ಲ. ನಾನು ಅಯ್ಯೋ ಪಾಪ ಎಂಬ ಮುಖ ಮಾಡಿಕೊಂಡು ಒಳಗೊಳಗೇ ಬೀಗಿದೆ. ಕೊನೆಗೆ ಪೈಪಿನ ತುದಿಯನ್ನೇ ಹೆಬ್ಬೆರಳುದ್ದ ಕತ್ತರಿಸಿದರು. ನಾಲ್ಕು ತಿಂಗಳಿನಿಂದ ಕಟ್ಟಿಕೊಂಡಿದ್ದ ಕರಿ ಎಣ್ಣೆ ಗಳಕ್ಕನೆ ನನ್ನ ಟೈಲ್ಸ್ ಮೇಲೆ ಬಿತ್ತು.

ಅತ್ತೆ ಅಣ್ಣನಿಂದ ಕೀಲಿ ಇಸಿದುಕೊಂಡು ಇಂಜಿನ್ ಶುರು ಮಾಡಿದರು. ಕೈಗವಸು ಒಂಚೂರು ಮಿಸುಕಿ ಹಾಗೇ ಮಲಗಿತು. ಮಾವ ಅದನ್ನು ಬಿಚ್ಚಿ ಮುಚ್ಚಳ ಬೋರಲಿಟ್ಟರು. ಅದು ಗಡಗಡ ನಡುಗಿತು, ಬೀಳಲಿಲ್ಲ. ಕಡ್ಡಿ ಕೂತಲ್ಲೇ ಕೂತಿತ್ತು. "ಒಂದೆರಡು ಸೀಲ್ ಬದಲಾಯಿಸಿದ್ರೆ ಇನ್ನೂ ಹತ್ತು ವರ್ಷ ಓಡ್ತದೆ" ಎಂದು ಮಾವ ಕೀಲಿ ತಂಗಿಯ ಬಳಿಯೇ ಬಿಟ್ಟು ಕಾಫಿ ಕೇಳಿದರು. ಮಧ್ಯಾಹ್ನ ಬಂದ ಗುಜರಿಯವನಿಗೆ ಅತ್ತೆ ಎರಡು ಗುಲಾಬಿ ಸಸಿ ಕೊಟ್ಟು, ನೆಡುವುದು ಹೇಗೆಂದು ಹೇಳಿ ಕಳಿಸಿದರು. ಮೂರು ದಿನ ಆಡದೆ ಉಳಿದ ಮಾತೆಲ್ಲ ಅವನ ಪಾಲಿಗೆ ಬಂತು.

ಆಮೇಲೆ ಸಸಿ ತುಂಬಿಕೊಂಡು ಹೊರಟೇಬಿಟ್ಟರು. ನಾನು ಉಳಿ ಸುತ್ತಿಗೆ ತಂದು ಶೆಡ್ಡಿನ ನಟ್ಟನಡುವಿನ ಟೈಲನ್ನು ಎಬ್ಬಿಸಿದೆ. ಚೆನ್ನಾಗಿರುವ ಟೈಲ್ ಕೀಳುವುದು ನನಗೆ ಹಲ್ಲು ಕಿತ್ತಂತೆ. ಅವತ್ತು ಮಾತ್ರ ಸಿಳ್ಳೆ ಹಾಕಿಕೊಂಡು ಕಿತ್ತೆ. ಆ ಒಂದು ಚೌಕಕ್ಕೆ ಮರಳು ತುಂಬಿ ಮಟ್ಟ ಮಾಡಿದೆ.

ಸಂಜೆ ಗಾಡಿ ಬಂತು. ಮುಂದಿನ ಗಾಜಿನ ಹಿಂದೆ, ಗಿಡದ ದಾರದಲ್ಲಿ ಕಟ್ಟಿದ ನನ್ನ ಕಪ್ಪು ಬೆಣೆ ತೂಗಾಡುತ್ತಿತ್ತು. ಅತ್ತೆ ಮರಳಿನ ಚೌಕ ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಹಿಂದೆ ಮುಂದೆ ಮಾಡದೆ, ಒಂದೇ ಸಲಕ್ಕೆ ಗಾಡಿಯನ್ನು ಒಳಗೆ ತಂದು ನಿಲ್ಲಿಸಿದರು. ನಾನು ಬಗ್ಗಿ ನೋಡಿದೆ. ಪೈಪಿನಿಂದ ಒಂದು ತೊಟ್ಟು ಇಳಿಯಿತು, ಮರಳಿನ ಸರಿಯಾಗಿ ಮಧ್ಯಕ್ಕೆ ಬಿತ್ತು. ನೂಲು ಹಿಡಿದು ಅಳೆದರೂ ಅಷ್ಟು ಸರಿಯಾಗಿ ಬರುತ್ತಿರಲಿಲ್ಲ.

"ಚೆನ್ನಾಗಿದೆ ಅತ್ತೆ" ಎಂದೆ.

"ಗೊತ್ತು" ಎಂದು, ಮಣ್ಣಿನ ಕಾಲಲ್ಲೇ ನನ್ನ ನೆಲದ ಮೇಲೆ ನಡೆದು ಒಳಗೆ ಹೋದರು. ನಾನು ಒರೆಸುವ ಬಟ್ಟೆ ಹುಡುಕಲಿಲ್ಲ.