ಬೀಬಿಯ ಊಟದ ಅಂಕ

ಮೂರು ತಿಂಗಳಿಗೊಮ್ಮೆ ನಾನು ಮುದುಕರಿಗೆ ಅಂಕ ಹಾಕುತ್ತಿದ್ದೆ. ಚಳ್ಳಕೆರೆಯ ನಮ್ಮ ವೃದ್ಧಾಶ್ರಮದಲ್ಲಿ ಆಗ ನಲವತ್ತು ಜನ ಇದ್ದರು, ಒಬ್ಬೊಬ್ಬರಿಗೂ ಒಂದೊಂದು ಹಾಳೆ. ತಾವೇ ಊಟ ಮಾಡುತ್ತಾರೆಯೇ, ತಾವೇ ಸ್ನಾನ ಮಾಡುತ್ತಾರೆಯೇ, ಕಕ್ಕಸಿಗೆ ತಾವೇ ಹೋಗಿ ಬರುತ್ತಾರೆಯೇ, ಇವತ್ತು ಯಾವ ವಾರ ಎಂದು ಹೇಳಬಲ್ಲರೇ, ಹೀಗೆ ಇಪ್ಪತ್ತು ಪ್ರಶ್ನೆ. ಆಯಾಗಳನ್ನು, ಅಡುಗೆಯವಳನ್ನು, ಗುರುವಾರ ಬರುವ ಡಾಕ್ಟರನ್ನು ಕೇಳಿ, ಎಲ್ಲರ ಮಾತನ್ನೂ ಕೂಡಿಸಿ ಹಾಳೆ ತುಂಬುವುದು ನರ್ಸಾದ ನನ್ನ ಕೆಲಸ. ಅರ್ಧಕ್ಕಿಂತ ಕಡಿಮೆ ಅಂಕ ಬಂದವರನ್ನು ಆಶ್ರಮ ನಡೆಸುವ ಟ್ರಸ್ಟಿನವರದೇ ಆದ ಮೊಳಕಾಲ್ಮೂರಿನ ಮನೆಗೆ ಕಳಿಸುತ್ತಿದ್ದರು. ಅದು ಹಾಸಿಗೆ ಹಿಡಿದವರ ಮನೆ. ಅಲ್ಲಿಗೆ ಹೋಗಿ ವಾಪಸು ಬಂದವರನ್ನು ನಾನಂತೂ ಕಂಡಿಲ್ಲ.

ಮುದುಕರು ಇದನ್ನು ‘ಸಿಸ್ಟ್ರಮ್ಮನ ಪರೀಕ್ಷೆ’ ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ಶಾಲೆಯ ಮೆಟ್ಟಿಲು ಹತ್ತದವರೂ ಅವತ್ತು ಫೇಲಾಗುವ ಭಯದಲ್ಲಿ ನಡುಗುತ್ತಿದ್ದರು. ಮಂಡಿ ಹಿಡಿದುಕೊಂಡು ಕೂತೇ ಇರುತ್ತಿದ್ದ ಬೋರಣ್ಣನವರು ನನ್ನ ಕೈಯಲ್ಲಿ ಹಾಳೆ ಕಂಡರೆ ಸಾಕು, ಎದ್ದು ವರಾಂಡದಲ್ಲಿ ಅತ್ತಿಂದಿತ್ತ ನಡೆಯಲು ಶುರುಮಾಡುವರು. ನನಗೆ ನಗು ಬರುತ್ತಿತ್ತು. ನಕ್ಕಿದ್ದೇನೆ ಕೂಡ, ಸುಳ್ಳು ಯಾಕೆ ಹೇಳಲಿ.

ಹೆಂಗಸರ ಕೋಣೆಯ ಕೊನೆಯ ಎರಡು ಮಂಚ ಬೀಬಿ ಜಾನ್ ಮತ್ತು ಚಿಕ್ಕಕ್ಕನವು. ಬೀಬಿ ಮೂವತ್ತು ವರ್ಷ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಹಸನು ಮಾಡಿದವಳು. ಅವಳವರು ಅಂತ ಇದ್ದದ್ದು ತಂಗಿಯ ಮಗ ಅಸ್ಲಂ ಒಬ್ಬನೇ. ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ ಅವನು ಶುಕ್ರವಾರ ನಮಾಜು ಮುಗಿಸಿ ಬಂದು ಹೋಗುತ್ತಿದ್ದ. ಚಿಕ್ಕಕ್ಕ ಪರಶುರಾಂಪುರದ ಕಡೆಯವಳು, ಕುರಿ ಕಾಯ್ದು ಗಟ್ಟಿಯಾದ ಮೈ. ಗಂಡ ಮಕ್ಕಳು ಎಲ್ಲರನ್ನೂ ಮಣ್ಣು ಮಾಡಿ ಬಂದಿದ್ದಳು. ಬಂದ ಹೊಸದರಲ್ಲಿ ಪಕ್ಕದ ಮಂಚದಲ್ಲಿ ಸಾಬರವಳು ಇದ್ದಾಳೆಂದು ಚೊಂಬನ್ನು ದೂರ ಇಟ್ಟುಕೊಳ್ಳುತ್ತಿದ್ದಳು. ಆಮೇಲೆ ಅವಳಿಗೆ ಮರೆವು ಹತ್ತಿತು. ಮೊದಲು ಮರೆತದ್ದೇ ಆ ಮೈಲಿಗೆಯನ್ನು. ಮರೆವು ಒಳ್ಳೆಯದನ್ನೂ ಮಾಡುತ್ತದೆ ಎಂದು ನಾನು ಒಪ್ಪುವುದು ಅದೊಂದಕ್ಕೇ.

ಎರಡು ವರ್ಷ ಇಬ್ಬರೂ ಪ್ರತಿ ಸಲ ಸಲೀಸಾಗಿ ಪಾಸಾದರು. ವಾರ ಯಾವುದು ಎಂದರೆ ಚಿಕ್ಕಕ್ಕ ಪಟ್ಟನೆ ಹೇಳುವಳು. ಬೆಳಿಗ್ಗೆ ಮುಖ ತೊಳೆಯುವಾಗಿನಿಂದ ಬೀಬಿ ಅದನ್ನು ಅವಳಿಗೆ ಬಾಯಿಪಾಠ ಮಾಡಿಸಿರುತ್ತಿದ್ದಳೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಬೀಬಿಯ ಹಾಳೆಯಲ್ಲಿ ಊಟ, ಸ್ನಾನ, ಬಟ್ಟೆ, ತಲೆ ಬಾಚುವುದು ಎಲ್ಲಕ್ಕೂ ಆಯಾ ಗೀತಮ್ಮ ‘ತಾನೇ’ ಎಂದು ಹೇಳಿದ್ದಳು, ನಾನು ಪೂರ್ತಿ ಅಂಕ ಹಾಕಿದ್ದೆ.

ಎರಡು ಸಾವಿರದ ಮೂರರ ಜನವರಿಯಲ್ಲಿ ಟ್ರಸ್ಟಿಗೆ ದುಡ್ಡು ಕೊಡುವವರಿಂದ ಒಂದು ಕಾಗದ ಬಂತು. ಹಾಳೆಗಳೆಲ್ಲ ಒಂದೇ ಥರ ಇವೆ, ಸಿಸ್ಟರು ಕಣ್ಣಾರೆ ನೋಡಿ ಬರೆಯುತ್ತಿದ್ದಾರೋ ಅಥವಾ ಕೂತಲ್ಲೇ ತುಂಬುತ್ತಿದ್ದಾರೋ ಎಂದು ಕೇಳಿದ್ದರು. ಟ್ರಸ್ಟಿನ ಕಾರ್ಯದರ್ಶಿ ಮಲ್ಲಿಕಾರ್ಜುನಪ್ಪನವರು ಅದನ್ನು ನನ್ನ ಮುಂದಿಟ್ಟು ಹೋದರು. ಬೈದಿದ್ದರೆ ವಾಸಿಯಿತ್ತು. ನನಗೆ ಮೈಯೆಲ್ಲ ಉರಿಯಿತು. ಹದಿನೆಂಟು ವರ್ಷದ ನೌಕರಿಯಲ್ಲಿ ಸುಳ್ಳು ಬರೆದವಳಲ್ಲ ನಾನು ಎಂಬ ಹಮ್ಮು ಬೇರೆ. ಮಾರನೆಯ ದಿನ ಮಧ್ಯಾಹ್ನ ಊಟದ ಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ.

ಚಿಕ್ಕಕ್ಕ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬೀಬಿಯ ಬಾಯಿಗೆ ಇಟ್ಟಳು. ಬೀಬಿ ನುಂಗಿದಳು. ಆಮೇಲೆ ಚಿಕ್ಕಕ್ಕ ತನ್ನ ಬಾಯಿಗೊಂದು ಇಟ್ಟುಕೊಂಡಳು. ಅವಳಿಗೊಂದು, ಇವಳಿಗೊಂದು, ತಟ್ಟೆ ಮುಗಿಯುವವರೆಗೂ ಹಾಗೇ. ಬೀಬಿಯ ಎರಡು ಕೈಗಳೂ ಸೆರಗಿನ ಒಳಗಿದ್ದವು. ಹೋಗಿ ಸೆರಗು ಸರಿಸಿ ನೋಡಿದೆ. ಬೆರಳುಗಳು ಒಳಕ್ಕೆ ಮಡಚಿಕೊಂಡು ಲೋಟ ಹಿಡಿಯಲೂ ಬಾರದಂತಾಗಿದ್ದವು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ನನಗೆ ಎರಡು ವರ್ಷ ಬೇಕಾಯಿತು.

ಗೀತಮ್ಮನನ್ನು ಕರೆದು ಕೇಳಿದೆ. ಅವಳಿಗೆ ತಪ್ಪೇನೆಂದೇ ತಿಳಿಯಲಿಲ್ಲ.

“ಅವ್ರು ನಮ್ಮನ್ನ ಯಾವತ್ತೂ ಕರದಿಲ್ವಲ್ಲ ಸಿಸ್ಟ್ರಮ್ಮ. ಅದಕ್ಕೇ ತಾನೇ ಅಂತ ಹೇಳ್ದೆ.”

ಅವಳು ಸುಳ್ಳು ಹೇಳಿರಲಿಲ್ಲ. ನಮ್ಮ ಆಶ್ರಮದ ರೂಢಿಯೇ ಅದು. ಆಯಾ ಕೈ ಹಚ್ಚದ ಕೆಲಸವೆಲ್ಲ ಮುದುಕರು ತಾವೇ ಮಾಡಿಕೊಂಡ ಕೆಲಸ. ಹಾಗಾಗಿ ಚಿಕ್ಕಕ್ಕ ಮಾಡಿದ್ದೆಲ್ಲ ಬೀಬಿಯ ಹಾಳೆಗೆ ಬಿದ್ದಿತ್ತು, ಬೀಬಿ ನೆನಪಿಟ್ಟದ್ದೆಲ್ಲ ಚಿಕ್ಕಕ್ಕನ ಹಾಳೆಗೆ. ಎರಡು ಹಾಳೆ ಸೇರಿಸಿದರೆ ಒಬ್ಬ ಗಟ್ಟಿ ಹೆಂಗಸು. ಆದರೆ ಫಾರಂ ಒಬ್ಬೊಬ್ಬರಿಗೆ ಒಂದೊಂದು.

ನಾನು ಕಂಡದ್ದನ್ನು ಕಂಡ ಹಾಗೆ ಬರೆದೆ. ಊಟಕ್ಕೆ ಸೊನ್ನೆ, ಸ್ನಾನಕ್ಕೆ ಸೊನ್ನೆ, ಬಟ್ಟೆಗೆ, ತಲೆಗೆ, ಕಕ್ಕಸಿಗೆ. ಬೀಬಿ ಅರ್ಧಕ್ಕಿಂತ ಕೆಳಗೆ ಹೋದಳು. ಚಿಕ್ಕಕ್ಕ ಮೈಯ ಬಲದಿಂದ ಉಳಿದುಕೊಂಡಳು.

ಸಂಜೆ ಬೀಬಿ ನನ್ನ ಮೇಜಿನ ಹತ್ತಿರ ಬಂದಳು. ಕೈ ಆಗಲೂ ಸೆರಗಿನ ಒಳಗೇ. ಹಾಳೆ ಹರಿದು ಹಾಕಿ ಎಂದು ಕೇಳಲಿಲ್ಲ. ಮೊಳಕಾಲ್ಮೂರಿಗೆ ಹೋಗಲು ತನಗೇನೂ ಭಯವಿಲ್ಲ, ಮಣ್ಣು ಎಲ್ಲಿಯಾದರೂ ಮಣ್ಣೇ, ಚಿಕ್ಕಕ್ಕನದೇ ಚಿಂತೆ ಎಂದಳು. ನಾನು ದೊಡ್ಡ ತಿಳಿವಳಿಕೆಯವಳ ಹಾಗೆ ಸಮಾಧಾನ ಹೇಳಿದೆ. ನಾಲ್ಕು ದಿನ ಹುಡುಕುತ್ತಾಳೆ, ಆಮೇಲೆ ಹೇಗಿದ್ದರೂ ಮರೆಯುತ್ತಾಳೆ ಬಿಡಮ್ಮ ಎಂದೆ.

“ಅದೇ ಸಿಸ್ಟ್ರಮ್ಮ ನನ್ಗೆ ಭಯ,” ಎಂದಳು ಬೀಬಿ. “ಅವ್ಳು ನನ್ನನ್ನ ಮರೆಯಲ್ಲ. ನಾನು ಹೋಗಿದ್ದನ್ನ ಮರೀತಾಳೆ.”

ನಾನು ಅದಕ್ಕೆ ಕಿವಿಗೊಡಲಿಲ್ಲ. ಮಾತು ಬಲ್ಲ ಮುದುಕಿ ಎಂದುಕೊಂಡು ಹಾಳೆಗಳನ್ನು ಕಟ್ಟಿಟ್ಟೆ. ಸೋಮವಾರ ವ್ಯಾನು ಬಂತು. ಚಿಕ್ಕಕ್ಕನೇ ಅವಳ ಉದ್ದ ಕೂದಲು ಬಾಚಿ ಜಡೆ ಹೆಣೆದು, ಗಂಟು ಕಟ್ಟಿಕೊಟ್ಟು, ಅವಳು ಆಸ್ಪತ್ರೆಗೆ ಹೊರಟಿದ್ದಾಳೆ ಎಂದುಕೊಂಡು, ಬೇಗ ಬಾ ಎಂದು ಹೇಳಿ ಕಳಿಸಿದಳು.

ಮಧ್ಯಾಹ್ನ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಕೈ ಎತ್ತಿದಳು. ಪಕ್ಕದಲ್ಲಿ ಬಾಯಿ ಇರಲಿಲ್ಲ. ಬೀಬಿ ಎಲ್ಲಿ ಎಂದು ಕೇಳಿದಳು. ಮೊಳಕಾಲ್ಮೂರಿಗೆ ಹೋದಳು, ಇನ್ನು ಅಲ್ಲೇ ಇರುತ್ತಾಳೆ ಎಂದು ಗೀತಮ್ಮ ಹೇಳಿದಳು. ಚಿಕ್ಕಕ್ಕ ತಟ್ಟೆ ಬಿಟ್ಟು ಅತ್ತಳು. ರಾತ್ರಿ ಊಟಕ್ಕೆ ಮತ್ತೆ ಕೈ ಎತ್ತಿದಳು, ಮತ್ತೆ ಕೇಳಿದಳು, ಮತ್ತೆ ಅತ್ತಳು. ಬೆಳಿಗ್ಗೆ ಉಪ್ಪಿಟ್ಟಿಗೂ ಅದೇ. ಸತ್ತವರಿಗಾದರೂ ಜನ ಒಂದು ಸಲ ಅಳುತ್ತಾರೆ, ಮೂರು ದಿನ ಅಳುತ್ತಾರೆ. ಇವಳಿಗೆ ದಿನಕ್ಕೆ ಮೂರು ಹೊತ್ತು ಆ ಸುದ್ದಿ ಹೊಸದು. ಬೀಬಿ ಉಣ್ಣದೆ ತಾನು ಉಣ್ಣುವುದಿಲ್ಲ ಎಂಬುದೊಂದು ಮಾತ್ರ ಅವಳ ತಲೆಯಿಂದ ಹೋಗಲೇ ಇಲ್ಲ. ಒಮ್ಮೆ ಗೀತಮ್ಮ ಕರುಣೆಯಿಂದ, ಅಸ್ಲಂನ ಮನೆಗೆ ಹೋಗಿದ್ದಾಳೆ ಬರ್ತಾಳೆ ಎಂದು ಸುಳ್ಳು ಹೇಳಿ ನೋಡಿದಳು. ಚಿಕ್ಕಕ್ಕ ತಟ್ಟೆ ಹಿಡಿದುಕೊಂಡು ಹೋಗಿ ಗೇಟಿನ ಹತ್ತಿರ ಬಿಸಿಲಲ್ಲಿ ನಿಂತಳು. ಮೂರು ಗಂಟೆಗೆ ನಾವು ಹೊತ್ತು ತಂದೆವು. ಆಮೇಲೆ ಸುಳ್ಳು ಹೇಳುವ ಧೈರ್ಯವೂ ಯಾರಿಗೂ ಬರಲಿಲ್ಲ.

ನಾಲ್ಕು ದಿನ ಎಂದಿದ್ದೆನಲ್ಲ, ನಾವು ಬಲವಂತಕ್ಕೆ ಕುಡಿಸಿದ ಗಂಜಿಯಲ್ಲೇ ನಲವತ್ತು ದಿನವಾಯಿತು. ಕುರಿ ಹೊತ್ತ ತೋಳುಗಳು ಇಳಿಬಿದ್ದವು. ನಾನು ಮಲ್ಲಿಕಾರ್ಜುನಪ್ಪನವರ ಹತ್ತಿರ ಹೋಗಿ ಬೀಬಿಯನ್ನು ವಾಪಸು ಕರೆಸಿ ಎಂದು ಬೇಡಿಕೊಂಡೆ. ಆ ಮಂಚವನ್ನು ಜಗದಾಂಬ ಎನ್ನುವವರಿಗೆ ಕೊಟ್ಟು ತಿಂಗಳಾಗಿತ್ತು. ಹಾಗಾದರೆ ಚಿಕ್ಕಕ್ಕನನ್ನೇ ಅಲ್ಲಿಗೆ ಕಳಿಸಿ ಎಂದೆ. ಪಾಸಾದವರನ್ನು ಅಲ್ಲಿ ಇಟ್ಟುಕೊಳ್ಳುವುದಿಲ್ಲ, ಹಾಳೆ ಹೇಗೋ ಹಾಗೆ, ನೀವೇ ತಾನೇ ಬರೆದವರು ಎಂದರು. ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ನನ್ನ ಮೇಲೆ. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ಸತ್ಯ ಬರೆದವಳಿಗೆ ಸುಖ ಉಂಟೋ ಇಲ್ಲವೋ ಹೇಳಿರಲಿಲ್ಲ.

ಏಪ್ರಿಲ್ ಪರೀಕ್ಷೆಯಲ್ಲಿ ನಾನು ಮೊದಲ ಸಲ ಸುಳ್ಳು ಬರೆದೆ. ಅಷ್ಟು ಸೊರಗಿದ್ದರೂ ಆಗತಾನೆ ಬಾವಿಕಟ್ಟೆಯಿಂದ ಬಿಂದಿಗೆ ಹೊತ್ತು ತಂದ ಚಿಕ್ಕಕ್ಕನಿಗೆ ನಡಿಗೆಯಲ್ಲಿ ಸೊನ್ನೆ. ಸ್ನಾನಕ್ಕೆ ಸೊನ್ನೆ. ಊಟಕ್ಕೂ ಸೊನ್ನೆ, ಅದು ಒಂದು ಥರದಲ್ಲಿ ನಿಜವೇ ಆಗಿತ್ತು. ಗೀತಮ್ಮ ಓದಿ ನೋಡಿ ಸಹಿ ಮಾಡಿದಳು.

ವ್ಯಾನಿನಲ್ಲಿ ನಾನೇ ಜೊತೆಗೆ ಹೋದೆ. ದಾರಿಯಲ್ಲಿ ತಳಕು ಊರು ದಾಟುವಾಗ ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕೇಳಿದಳು. ಬೀಬಿಯ ಹತ್ತಿರ ಎಂದೆ. ಅವಳ ಮುಖ ಅರಳಿತು. ಬಂಡೆಗಳ ಗುಡ್ಡ ಕಾಣುವಷ್ಟರಲ್ಲಿ ಐದು ಸಲ ಕೇಳಿದಳು, ಐದು ಸಲವೂ ಹಾಗೇ ಅರಳಿತು. ದುಃಖದ ಹಾಗೆ ಖುಷಿಯೂ ಅವಳಿಗೆ ಪ್ರತಿ ಸಲ ಹೊಸದು. ನನಗೂ ಹಗುರಾಯಿತು. ಮಾಡಿದ ಪಾಪ ತೊಳೆದುಕೊಂಡೆ ಎಂದೇ ಅಂದುಕೊಂಡೆ.

ಮೊಳಕಾಲ್ಮೂರಿನ ಮನೆಯಲ್ಲಿ ಒಂದು ಉದ್ದನೆಯ ಕೋಣೆ, ಹನ್ನೆರಡು ಮಂಚ. ಬೀಬಿ ಯಾವುದರಲ್ಲಿದ್ದಾಳೆಂದು ನನಗೇ ಗೊತ್ತಾಗಲಿಲ್ಲ. ಬಾಚುವವರಿಲ್ಲದೆ ಹೇನು ಬೀಳುತ್ತದೆಂದು ಅಲ್ಲಿ ಎಲ್ಲರ ತಲೆಯನ್ನೂ ಬೋಳಾಗುವಂತೆ ಕತ್ತರಿಸಿದ್ದರು. ಸೀರೆ ಹೋಗಿ ನೈಟಿ ಬಂದಿತ್ತು. ಮೂರೇ ತಿಂಗಳಿಗೆ ಕೆನ್ನೆ ಒಳಗೆ ಹೋಗಿತ್ತು. ಅವಳೇ ನಮ್ಮನ್ನು ಕಂಡು, ತಲೆ ಎತ್ತಲಾಗದೆ, ಚಿಕ್ಕಕ್ಕಾ ಎಂದು ಕರೆದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಚಿಕ್ಕಕ್ಕ ಅವಳನ್ನು ನೋಡಿ ಮುಂದಿನ ಮಂಚಕ್ಕೆ ಹೋದಳು. ಅಲ್ಲಿಂದ ಅದರ ಮುಂದಿನದಕ್ಕೆ. ಹನ್ನೆರಡೂ ಮಂಚ ನೋಡಿ ಬಂದು ನನ್ನ ಮೇಲೆ ರೇಗಿದಳು. ನಾನು ಅವಳ ರಟ್ಟೆ ಹಿಡಿದು ಬೀಬಿಯ ಪಕ್ಕದಲ್ಲಿ ಕೂರಿಸಿ, ಇವಳೇ ನಿನ್ನ ಬೀಬಿ ಎಂದೆ.

“ಇವ್ಳಲ್ಲ. ನಮ್ ಬೀಬಿಗೆ ಸೊಂಟದ ಮಟ್ಟ ಜಡೆ ಐತೆ. ನಾನೇ ಹಾಕಿ ಕಳ್ಸೀನಿ.”

ನಾನೇ ಕಣೆ, ನಾನೇ ಎಂದು ಬೀಬಿ ಹೇಳಿದಳು. ಊಟದ ಮನೆಯ ಮಾತು, ಅಸ್ಲಂನ ಮಾತು, ಎಷ್ಟೋ ನೆನಪು ಮಾಡಿಕೊಟ್ಟಳು. ಚಿಕ್ಕಕ್ಕ ಮರ್ಯಾದೆಯಿಂದ ಕೇಳಿಸಿಕೊಂಡಳು, ಬಸ್ಸಿನಲ್ಲಿ ಪಕ್ಕ ಕೂತವರ ಮಾತು ಕೇಳಿದ ಹಾಗೆ.

ಊಟ ಬಂತು. ಅಲ್ಲಿನ ಆಯಾ ತೆಲುಗಿನಲ್ಲಿ ಗೊಣಗುತ್ತ ತಟ್ಟೆ ಇಟ್ಟು ಹೋದಳು. ಚಿಕ್ಕಕ್ಕ ಅದನ್ನು ಎಳೆದುಕೊಂಡು, ಮುದ್ದೆ ಮುರಿದು, ಅದ್ದಿ, ಬೀಬಿಯ ಬಾಯಿಗೆ ಇಟ್ಟಳು. ಕೈಗಾದರೂ ಗುರುತು ಸಿಕ್ಕಿತಲ್ಲ ಎಂದುಕೊಂಡೆ. ಆದರೆ ತನ್ನ ಬಾಯಿಗೆ ಅವಳು ಏನೂ ಇಟ್ಟುಕೊಳ್ಳಲಿಲ್ಲ. ಹಾಸಿಗೆ ಹಿಡಿದ ಯಾರೋ ಮುದುಕಿಗೆ ಉಣಿಸುವ ಹಾಗೆ ನಾಲ್ಕು ತುತ್ತು ಉಣಿಸಿ, ಕೈ ತಡೆದು ಕೇಳಿದಳು.

“ಯವ್ವಾ, ನಮ್ ಬೀಬಿ ಉಂಡ್ಲೋ ಇಲ್ವೋ, ನೀನೇನಾರ ಕಂಡ್ಯಾ?”

ಬೀಬಿ ಬಾಯಲ್ಲಿದ್ದದ್ದನ್ನು ನುಂಗಿದಳು. ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

“ಉಂಡ್ಲು,” ಎಂದಳು. “ಹೊಟ್ಟೆ ತುಂಬ ಉಂಡ್ಲು. ಇನ್ನ ನೀನು ಉಣ್ಣು.”

ಚಿಕ್ಕಕ್ಕ ಉಂಡಳು. ಮೂರು ತಿಂಗಳಲ್ಲಿ ಮೊದಲ ಸಲ ತಟ್ಟೆ ಖಾಲಿ ಮಾಡಿದಳು.

ಬೀಬಿ ಆಮೇಲೆ ಏಳು ತಿಂಗಳು ಬದುಕಿದ್ದಳು. ದಿನಕ್ಕೆ ಮೂರು ಹೊತ್ತು ಚಿಕ್ಕಕ್ಕ ಅದನ್ನೇ ಕೇಳುತ್ತಿದ್ದಳಂತೆ, ‘ಬೀಬಿ ಉಂಡ್ಲು’ ಎಂದು ಇವಳು ಹೇಳುತ್ತಿದ್ದಳಂತೆ. ‘ನಾನೇ ಬೀಬಿ’ ಎಂದರೆ ಚಿಕ್ಕಕ್ಕ ಜಗಳಕ್ಕೆ ಬಂದು ಊಟ ಬಿಡುತ್ತಿದ್ದಳಾದ್ದರಿಂದ, ಎರಡನೆಯ ದಿನದಿಂದ ಆ ಮಾತನ್ನು ಬೀಬಿ ಒಮ್ಮೆಯೂ ಆಡಲಿಲ್ಲವಂತೆ.