ಸದ್ದಿಲ್ಲದ ಲೈನು

ಧರ್ಮಪ್ಪನವರಷ್ಟು ಮಾತಿನಲ್ಲಿ ಜಿಪುಣರಾದ ಮನುಷ್ಯರನ್ನು ಶಿಕಾರಿಪುರದಲ್ಲಿ ನಾನು ಬೇರೆ ಕಂಡಿಲ್ಲ. ಹೋಟೆಲಿನಲ್ಲಿ ಒಂದು ಬೆರಳೆತ್ತಿದರೆ ಅವರಿಗೊಂದು ಚಹಾ, ಎರಡೆತ್ತಿದರೆ ನನಗೂ ಸೇರಿ. ನಮಸ್ಕಾರಕ್ಕೆ ಹುಬ್ಬು, ಬೇಡವೆನ್ನಲು ಮೂಗಿನ ತುದಿಯ ಒಂದು ಅಲುಗಾಟ. ಏಪ್ರಿಲ್ಲಿನ ಉರಿಬಿಸಿಲಿನಲ್ಲೂ ಕಂದು ಉಣ್ಣೆಯ ಕೋಟು ತೊಟ್ಟು, ಎಡಭುಜವನ್ನು ತುಸು ಮುಂದೆ ಚಾಚಿ, ಯಾರನ್ನೋ ಹಿಂದೆ ಹಾಕುವವರಂತೆ ಅವಸರದಲ್ಲಿ ನಡೆಯುತ್ತಿದ್ದ ಅವರನ್ನು ಕಂಡು ಸಂತೆಗೆ ಬಂದವರು ನಗುತ್ತಿದ್ದರು. ಯಂತ್ರಗಳಿಗಾಗಿ ಸದಾ ತಣ್ಣಗಿಟ್ಟ ಕೋಣೆಯಲ್ಲಿ ದಿನವಿಡೀ ಕೂರುವವರಿಗೆ ಕೋಟು ಬೇಕೇ ಬೇಕೆಂದು ಜನರಿಗೆ ವಿವರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಅವರು ದೂರವಾಣಿ ನೌಕರರು. ತೊಂಬತ್ತರ ದಶಕದ ನಡುವೆ, ತಂತಿ ಎಳೆಯಲಾಗದ ಹಳ್ಳಿಗಳಿಗೆ ಗೋಪುರದಿಂದ ರೇಡಿಯೋ ಅಲೆಗಳ ಮೂಲಕ ಊರಿಗೊಂದು ಫೋನು ಕೊಟ್ಟಿದ್ದರು. ಸೊರಬದ ಕಡೆಯ ಕೆಲವು ಊರುಗಳೂ ಅದರಲ್ಲಿದ್ದವು. ಅಷ್ಟೂ ಹಳ್ಳಿಗಳಿಗೆ ಇದ್ದದ್ದು ನಾಲ್ಕೇ ದಾರಿ. ನಾಲ್ಕು ಊರು ಹಿಡಿದು ಕುಳಿತರೆ ಮಿಕ್ಕವು ಕಾಯಬೇಕು. ಅವುಗಳ ಯೋಗಕ್ಷೇಮ ಧರ್ಮಪ್ಪನವರದು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಮೊಟಕು ಅಪ್ಪಣೆಯೊಂದನ್ನು ಅವರು ಟೈಪು ಮಾಡುವರು, ಅದು ಒಂದೇ ಸಾಲಿನಲ್ಲಿ ಉತ್ತರಿಸುವುದು. ಇಬ್ಬರಿಗೂ ಚೆನ್ನಾಗಿ ಹೊಂದಿತ್ತು. ಒಮ್ಮೆ ಅವರ ಮನೆಯಲ್ಲಿ, "ಇಲ್ಲೂ ಹಿಂಗೇನ್ರೀ ಇವರು?" ಎಂದು ನಾನು ಕೇಳಿದ್ದಕ್ಕೆ ಅವರ ಹೆಂಡತಿ ಜಗದಾಂಬ, "ಮದ್ವಿ ದಿನ ಏನೋ ಅಂದಂಗಿತ್ತು ನೋಡ್ರಿ," ಎಂದಿದ್ದರು.

ಶ್ರಾವಣದ ಒಂದು ಬೆಳಿಗ್ಗೆ, ಆ ಹಳ್ಳಿಗಳಲ್ಲೊಂದಾದ ಜಡೆಯ ಫೋನು ಬಹಳ ಹೊತ್ತಿನಿಂದ ದಾರಿ ಹಿಡಿದುಕೊಂಡೇ ಇರುವುದನ್ನು ಪರದೆ ತೋರಿಸಿತು. ಧರ್ಮಪ್ಪನವರು ಲೈನಿಗೆ ಕಿವಿಗೊಟ್ಟರೆ ಮಾತಿಲ್ಲ, ಬರೀ ಗೊರಗೊರ. ಮಾತು ಮುಗಿದ ಮೇಲೂ ಯಂತ್ರ ದಾರಿ ಬಿಡದೆ ಸಿಕ್ಕಿಕೊಳ್ಳುವುದು ಆಗಾಗ ಇದ್ದದ್ದೇ. ಅಷ್ಟರಲ್ಲಿ ಲೈನು ಸಿಗುತ್ತಿಲ್ಲವೆಂದು ಆನವಟ್ಟಿ ಕಡೆಯ ಹಳ್ಳಿಗಳ ದೂರು ಬರತೊಡಗಿತ್ತು. ಅವರು ಕಡಿಯುವ ಅಪ್ಪಣೆ ಕೊಟ್ಟರು, ದಾರಿ ಖಾಲಿಯಾಯಿತು.

ಜಡೆಯಲ್ಲಿ ಹುಲಿಯಪ್ಪ ಎಂಬ ರೈತರು ರಿಸೀವರನ್ನು ಕಿವಿಗೊತ್ತಿಕೊಂಡು ನಿಂತಿದ್ದರು. ಮಂಗಳೂರಿನ ಆಸ್ಪತ್ರೆಯಲ್ಲಿದ್ದ ಅವರ ಹೆಂಡತಿಯನ್ನು ಆಪರೇಷನ್ನಿಗೆ ಒಯ್ಯುವ ಮೊದಲು ಫೋನಿನ ಬಳಿಗೆ ಕರೆತರುತ್ತೇವೆ, ಇಡಬೇಡಿ ಎಂದು ನರ್ಸು ಹೇಳಿಹೋಗಿದ್ದಳು. ಆಸ್ಪತ್ರೆಯಲ್ಲಿ ಗದ್ದಲವಾಗಬಾರದೆಂದು ಇವರು ಕೆಮ್ಮನ್ನೂ ನುಂಗಿಕೊಂಡಿದ್ದರಂತೆ. ಲೈನು ಹೋದ ಮೇಲೆ ಮತ್ತೆ ಮತ್ತೆ ಪ್ರಯತ್ನಿಸಿದರು. ಅಷ್ಟು ಹೊತ್ತು ಕಾದಿದ್ದ ಊರುಗಳು ಎಲ್ಲ ದಾರಿಗಳನ್ನೂ ತುಂಬಿಬಿಟ್ಟಿದ್ದವು. ಆಕೆ ಆಪರೇಷನ್ನಿನಿಂದ ಎದ್ದು ಬರಲಿಲ್ಲ.

ಹೆಂಡತಿಯ ಉತ್ತರಕ್ರಿಯೆ ಮುಗಿಸಿ ಹುಲಿಯಪ್ಪ ಬಸ್ಸು ಹತ್ತಿ ಧರ್ಮಪ್ಪನವರ ಕೋಣೆಗೇ ಬಂದರು, ಜಗಳಕ್ಕಲ್ಲ. ನಾನೂ ಅಲ್ಲೇ ಇದ್ದೆ.

"ಸಾಹೇಬ್ರೆ, ಎಲ್ಲಾ ಮಾತೂ ಈ ಕಂಪ್ಯೂಟರ್ ಮೇಲೇ ಹೋಗ್ತದಂತಲ್ಲ. ಲೈನ್ ಹೋದ್ಮೇಲೆ ಅವ್ಳು ಬಂದು ಏನಾರ ಅಂದಿರ್ಬೋದು. ಅದು ಇದ್ರಾಗೆ ಉಳ್ದಿದ್ಯಾ, ಸ್ವಲ್ಪ ನೋಡ್ತೀರಾ?"

ಧರ್ಮಪ್ಪನವರು ಇಲ್ಲವೆನ್ನಲಾರದೆ ಜಡೆಯ ಲೈನಿನ ಸ್ಥಿತಿ ಕೇಳಿ ಟೈಪು ಮಾಡಿದರು. ಪರದೆ ಒಂದು ಸಾಲು ಬರೆಯಿತು.

"ಏನಂತದೆ?" ಎಂದರು ಹುಲಿಯಪ್ಪ.

"ಲೈನ್ ಖಾಲಿ ಐತಿ ಅಂತೈತ್ರಿ." ಧರ್ಮಪ್ಪನವರು ಕುರ್ಚಿಯಿಂದ ಎದ್ದು ನಿಂತರು. "ಅವತ್ತು ಕಡ್ದೋನು ನಾನೇ. ಮಾತಿನ ಸದ್ದಿರ್ಲಿಲ್ಲ. ಯಾರೂ ಇಲ್ಲ ಅಂದ್ಕಂಡೆ."

ಹುಲಿಯಪ್ಪ ಪರದೆಯಿಂದ ಅವರತ್ತ ತಿರುಗಿದರು. "ಒಂದ್ಸಲ ಕೇಳಿದ್ರೆ, ಇದೀನಿ ಅಂತಿದ್ದೆ," ಎಂದು ಕೈಮುಗಿದು ಹೊರಟರು. ನಾಲ್ಕು ಬೈಗುಳ ಬೈದಿದ್ದರೆ ವಾಸಿಯಿತ್ತೆಂದು ನನಗೆ ಅಳುವೇ ಬಂತು.

ಅಲ್ಲಿಂದ ಮುಂದೆ ಧರ್ಮಪ್ಪನವರು ಯಾವ ಲೈನು ಕಡಿಯುವ ಮೊದಲೂ ಫೋನೆತ್ತಿ, "ಇದೀರೇನ್ರೀ? ಯಾರಾರ ಇದೀರಾ?" ಎಂದು ಕೇಳಿ, ಕಾದು, ಇನ್ನೊಮ್ಮೆ ಕೇಳುತ್ತಿದ್ದರು. ಸಂಜೆ ಮನೆಗೆ ಬಂದರೆ ಅಡಿಗೆಮನೆಯ ಕಡೆಗೂ ಅದೇ ಪ್ರಶ್ನೆ. ಇಷ್ಟು ವರ್ಷ ಗಂಡನ ಒಂದು ಮಾತಿಗೆ ಹಂಬಲಿಸಿದ್ದ ಜಗದಾಂಬ ಅವರಿಗೆ ಅದನ್ನು ಕೇಳಿ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಮೇಲಧಿಕಾರಿಯ ಮುಂದೆ ತಾವಾಗಿ ಹೋಗಿ ತಪ್ಪೊಪ್ಪಿಕೊಂಡರೆ, "ರೂಲ್ಸ್ ಪ್ರಕಾರಾನೇ ಮಾಡೀರಲ್ರೀ, ಹೋಗ್ರಿ," ಎಂದು ಬೆನ್ನು ತಟ್ಟಿ ಕಳಿಸಿದರು.

ಜನರನ್ನು ಜನರಿಗೆ ಕೂಡಿಸುವ ಕಾಯಕದವರು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಅವರ ತಪ್ಪೂ ಹಾಗೆಯೇ. ಗಾರೆಯವನ ಕೈತಪ್ಪಿದರೆ ಗೋಡೆ ವಾಲುತ್ತದೆ, ದರ್ಜಿಯದು ತಪ್ಪಿದರೆ ಅಂಗಿ ಬಿಗಿಯಾಗುತ್ತದೆ, ಯಾರಾದರೂ ಬಂದು ಬೈಯುತ್ತಾರೆ. ಇಂಥವರ ಕೈತಪ್ಪಿದ ದಿನ ಲೈನು ಸರಿಯಾಗಿಯೇ ಇರುತ್ತದೆ, ಕಾದಿದ್ದ ಊರುಗಳು ಸಂತೋಷದಿಂದ ಮಾತಾಡುತ್ತವೆ. ತಪ್ಪೆಂದು ಹೇಳುವವರೇ ಇಲ್ಲದ ಮೇಲೆ, ಕ್ಷಮಿಸುವವರನ್ನು ಅವರು ಎಲ್ಲಿ ಹುಡುಕಬೇಕು?