ಗುರುವಾರದ ದೋಣಿ

ವೆಸೆಲಾ ಟೀಚರ್ ಶಾಲೆಯಲ್ಲಿ ಇರುವುದೇ ಹನ್ನೊಂದು ಮಕ್ಕಳು. ರೊಡೋಪ ಬೆಟ್ಟದ ಆ ಬಲ್ಗೇರಿಯನ್ ಹಳ್ಳಿಗೆ ಹೊರಗಿನವರು ಬರುವುದು ಅಪರೂಪ. ಹಾಗಾಗಿ ಪ್ರತಿ ಗುರುವಾರ ವಿಡಿಯೊ ಕರೆಯಲ್ಲಿ ಯಾರನ್ನಾದರೂ ತರಗತಿಗೆ ಕರೆಸುತ್ತಿದ್ದಳು. ಈ ವಾರ ಇಟಲಿಯ ಒರ್ನೆಲ್ಲಾ, ಮರದ ದೋಣಿ ಕಟ್ಟುವವಳು. ಹಿಂದೆ ನಾಲ್ಕು ವರ್ಷ ಅಲ್ಲೊಬ್ಬ ಮುದುಕಿಯನ್ನು ನೋಡಿಕೊಂಡಿದ್ದ ವೆಸೆಲಾಗೆ ಅಲ್ಲಿನ ಮಾತು ಚೆನ್ನಾಗಿ ಬರುತ್ತಿತ್ತು.

ಒರ್ನೆಲ್ಲಾ ವರ್ಷಕ್ಕೆ ಒಂದೇ ಶಾಲೆಗೆ ಹಲಗೆ ಕಳಿಸಿ, ಐದು ವಾರ ಪರದೆಯ ಮೇಲೆ ಹೇಳಿಕೊಟ್ಟು, ಮಕ್ಕಳ ಕೈಯಲ್ಲೇ ದೋಣಿ ಕಟ್ಟಿಸುತ್ತಿದ್ದಳು. ಊರ ಕೆಳಗೆ ಅಣೆಕಟ್ಟಿನ ನೀರಿತ್ತು. ಈ ಸಲದ ದೋಣಿ ತನ್ನ ಮಕ್ಕಳಿಗೇ ಸಿಗಲಿ ಎಂದು ವೆಸೆಲಾ ವಾರದಿಂದ ಆಸೆಪಡುತ್ತಿದ್ದಳು.

"ಟೀಚರ್, ಅವರ ಮೂಗಿನ ಮೇಲೆ ಮರದ ಪುಡಿ ನೋಡಿ!" ಎಂದಳು ಆರು ವರ್ಷದ ಕಲೀನಾ.

"ನಿನ್ನ ಮೂಗಿಂದ ಏನು ಇಳೀತಿದೆ ಅಂತ ನಾನು ಹೇಳ್ಲಾ?" ಎಂದು ಅಕ್ಕ ಸ್ತೊಯಾಂಕಾ ಕೆಣಕಿದಳು.

ಅಷ್ಟರಲ್ಲಿ ಒರ್ನೆಲ್ಲಾ ಕಿವಿ ತೋರಿಸಿದಳು. "ನಿಮ್ಮ ದನಿ ಕೇಳ್ತಿಲ್ಲ."

ವೆಸೆಲಾ ತಂತಿ ಸರಿಮಾಡಲು ಮೇಜಿನಡಿ ನುಗ್ಗಿದಳು. ಒರ್ನೆಲ್ಲಾ ಸುಮ್ಮನೆ ಕಾಯದೆ ಮಕ್ಕಳನ್ನೇ ಕೇಳಿದಳು. ವೆಸೆಲಾ ಮೇಜಿನಡಿಯಿಂದಲೇ ಕೂಗಿದಳು, "ದೋಣಿ ಕಟ್ತೀರಾ ಅಂತ ಕೇಳ್ತಿದ್ದಾರೆ. ಉತ್ತರ ಕೊಡ್ರೋ!"

ಹನ್ನೊಂದು ತಲೆಗಳೂ ಜೋರಾಗಿ ಅಡ್ಡಡ್ಡ ಆಡಿದವು.

"ಓ, ಬೇಡವಾ?" ಒರ್ನೆಲ್ಲಾಳ ದನಿ ಇಳಿಯಿತು. "ಪರವಾಗಿಲ್ಲ ಮಕ್ಕಳೇ. ಇನ್ನೊಂದು ಶಾಲೆಯವರು ಕಾಯ್ತಿದ್ದಾರೆ, ಅವರಿಗೇ ಕೊಡ್ತೀನಿ."

ಎದ್ದ ರಭಸಕ್ಕೆ ವೆಸೆಲಾಳ ತಲೆ ಮೇಜಿಗೆ ಬಡಿಯಿತು. ಮುದುಕಿಯ ಮನೆಯಲ್ಲಿ ಮೊದಲ ದಿನ, ಊಟ ಹಾಕಲಾ ಎಂದರೆ ತಾನೂ ಹೀಗೇ ತಲೆಯಾಡಿಸಿ ಉಪವಾಸ ಮಲಗಿದ್ದಳು. ಇಲ್ಲಿನ ಹೂಂ ಅಲ್ಲಿ ಊಹೂಂ.

"ತಲೆ ಮೇಲೆ ಕೆಳಗೆ ಆಡಿಸಿ! ಬೇಗ!"

"ಅಯ್ಯೋ, ಹಾಗೆ ಮಾಡಿದ್ರೆ ಬೇಡ ಅಂದ ಹಾಗಾಗುತ್ತಲ್ಲಾ ಟೀಚರ್!" ಕಲೀನಾಗೆ ಅಳುವೇ ಬಂತು.

"ನಮಗೆ ಅದು ಬೇಡ ಅಂತ, ಅವರಿಗೆ ಬೇಕು ಅಂತ ಕಣೇ! ಆಡಿಸು ಪುಟ್ಟಿ!"

"ನನ್ನ ಕತ್ತು ಮಾತೇ ಕೇಳ್ತಿಲ್ಲ!"

ಸ್ತೊಯಾಂಕಾ ತಂಗಿಯ ಗಲ್ಲ ಹಿಡಿದು ಮೇಲೆ ಕೆಳಗೆ ಆಡಿಸಿದಳು. ಉಳಿದವರೂ ನಗುತ್ತ, ಮಧ್ಯೆ ತಪ್ಪಿ ಅಡ್ಡಡ್ಡ ಹೋಗುತ್ತ, ಮತ್ತೆ ಸರಿಪಡಿಸಿಕೊಂಡರು.

ಕರೆ ಮುಗಿಸಲು ಚಾಚಿದ್ದ ಒರ್ನೆಲ್ಲಾಳ ಬೆರಳು ನಿಂತಿತು. ವೆಸೆಲಾ ಕ್ಯಾಮೆರಾದ ಮುಂದೆ ನಿಂತು ತಲೆಯನ್ನು ಅಡ್ಡಡ್ಡ ಆಡಿಸಿ ಹೆಬ್ಬೆರಳು ಮೇಲೆತ್ತಿದಳು. ಮೇಲೆ ಕೆಳಗೆ ಆಡಿಸಿ ಹೆಬ್ಬೆರಳು ಕೆಳಗಿಳಿಸಿದಳು. ಎರಡು ಸಲ ನೋಡುವಷ್ಟರಲ್ಲಿ ಒರ್ನೆಲ್ಲಾಗೆ ಹೊಳೆಯಿತು. ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ತಾನೂ ಈ ಊರಿನವಳಂತೆ, ನಿಧಾನವಾಗಿ, ತಲೆಯನ್ನು ಅಡ್ಡಡ್ಡ ಆಡಿಸಿದಳು.

"ಸರಿ, ನಿಮ್ಮ ತರಗತಿಯ ಬಾಗಿಲು ಎಷ್ಟು ಅಗಲ ಇದೆ?" ಎಂದು ಪೆನ್ಸಿಲ್ ಕೈಗೆತ್ತಿಕೊಂಡಳು. "ಕಟ್ಟಿದ್ಮೇಲೆ ದೋಣಿ ಹೊರಗೆ ಹೋಗ್ಬೇಕಲ್ಲ!"

ವೆಸೆಲಾ ಅದನ್ನು ತಮ್ಮ ಮಾತಿನಲ್ಲಿ ಹೇಳಿ ಮುಗಿಸುವ ಮೊದಲೇ ಹನ್ನೊಂದು ಮಕ್ಕಳೂ ಬಾಗಿಲ ಬಳಿ ಗೇಣು ಹಾಕುತ್ತಿದ್ದರು.